ಆರನೆಯ ಮಹಡಿಯ ಮೆಟ್ಟಿಲ ಮೇಲೆ ಜೈನಬಕ್ಕ

ಇವತ್ತು ಬೆಳಿಗ್ಗೆ ನಮ್ಮ ಬಿಲ್ಡಿಂಗಿನ ಲಿಫ್ಟ್ ಪಕ್ಕದ ಗೋಡೆಯಲ್ಲಿ ನಾಲ್ಕು ತುಂಡು ಸೆಲ್ಲೋಟೇಪ್ ಮಾತ್ರ ಇತ್ತು.
ನಡುವಿನ ಕಾಗದ ಇರಲಿಲ್ಲ.
‘ಮನೆಕೆಲಸದವರು ಸರ್ವಿಸ್ ಲಿಫ್ಟನ್ನೇ ಬಳಸತಕ್ಕದ್ದು’ ಎಂಬ ನೋಟಿಸ್.
ಯಾರಿಗೋ ಬುದ್ಧಿ ಬಂತು ಎಂದುಕೊಂಡೆ.

ಅರ್ಧ ಗಂಟೆಯಲ್ಲಿ ಶಬಾನಾಳ ಫೋನ್ ಬಂತು.
“ದೀದಿ... ಅಮ್ಮಿ ಹೋದ್ಲು.”

ಗೆಳೆಯರೇ, ಇನ್ನೂ ನಂಬಲಾಗುತ್ತಿಲ್ಲ...
ಆರು ವರ್ಷದಿಂದ ನಮ್ಮ ಮನೆಗೆ ಕೆಲಸಕ್ಕೆ ಬರುತ್ತಿದ್ದ ಜೈನಬಕ್ಕ ಇಲ್ಲ.

ಹಳಿಯಾಳ ಕಡೆಯ ಸಿದ್ದಿ ಹೆಂಗಸು.
ನೂರಾರು ವರ್ಷಗಳ ಹಿಂದೆ ಆಫ್ರಿಕಾದಿಂದ ಬಂದವರ ಕುಲ. ಕಪ್ಪು ಬಣ್ಣ, ಗುಂಗುರು ಕೂದಲು, ಅಚ್ಚ ಉತ್ತರ ಕರ್ನಾಟಕದ ಕನ್ನಡ.
ಮೊದಲ ದಿನ ನಮ್ಮಮ್ಮ ಪಾಸ್‌ಪೋರ್ಟ್ ಕೇಳಿದ್ದರು!
“ಪಾಸ್‌ಪೋರ್ಟ್ ಎಲ್ಲಿಂದ ತರಲ್ರಿ ಅಕ್ಕಾರ? ರೇಶನ್ ಕಾರ್ಡ್ ಐತಿ, ಹಳಿಯಾಳದ್ದು. ನಡೀತೈತೇನ್ರಿ?”
ಉಡುಪಿಯವರಾದ ಅಮ್ಮ ನಾಚಿಕೊಂಡು ಎರಡು ಸಲ ಚಹಾ ಮಾಡಿಕೊಟ್ಟರು.
ಆದರೆ ಸೊಸೈಟಿಯ ಗೇಟ್ ಆ್ಯಪಿನಲ್ಲಿ ಇವತ್ತಿಗೂ ಅವರ ಫೋಟೋದ ಕೆಳಗೆ ‘ಫಾರಿನರ್’ ಎಂದೇ ಇದೆ.

ಧಾರಾವಿಯ ಅವರ ಮನೆಗೆ ನಾನು ಒಂದೇ ಸಲ ಹೋಗಿದ್ದೆ. ಈದ್ ಹಿಂದಿನ ದಿನ.
ಏಣಿ ಹತ್ತಿ ಹೋಗುವ ಒಂದು ಕೋಣೆ.
ಮಗಳು ಶಬಾನಾಳನ್ನು ಮೊಣಕಾಲುಗಳ ನಡುವೆ ಕೂರಿಸಿಕೊಂಡು ಸಣ್ಣ ಸಣ್ಣ ಜಡೆ ಹೆಣೆಯುತ್ತಿದ್ದರು.
“ಇದು ಕೂದಲಲ್ಲವ್ವಾ, ನಮ್ಮೂರ ಕಾಡು. ಮೂರು ಹಣಗಿ ಮುರದಾವ!”
ಮೂಲೆಯಲ್ಲಿ ಚರ್ಮದ ಬೆಲ್ಟ್ ಹೊಲಿಯುತ್ತಿದ್ದ ಗಂಡ ಇಮಾಮಭಾಯಿ ತಲೆಯೆತ್ತದೆ ಅಂದರು, “ಹಣಗಿ ಗಟ್ಟೀನ ಇದ್ವು. ನಿನ್ನ ಕೈ ಜೋರ ಐತಿ.”
“ನಿಮ್ಮ ತಲಿ ಬೋಳಾತು ಅಂತ ಹೊಟ್ಟಿಕಿಚ್ಚೇನು?”
ಶಬಾನಾ ನಕ್ಕು ಅಲುಗಾಡಿ ಬೆನ್ನಿಗೆ ಒಂದು ಏಟು ತಿಂದಳು.

ಜೈನಬಕ್ಕ...
ನಾನು ಎಂ.ಎ. ಅಸೈನ್‌ಮೆಂಟ್ ಬರೆಯುತ್ತಿದ್ದ ದಿನ ನೀವು ನನ್ನ ಕುರ್ಚಿಯ ಕೆಳಗೆ ಒರೆಸುತ್ತಿದ್ದಿರಿ. ನೆನಪಿದೆಯಾ?
“ಏನ್ ಬರಿಯಾಕತ್ತಿ ತಂಗಿ?”
ಅಮೆರಿಕದಲ್ಲಿ ಒಂದು ಕಾಲಕ್ಕೆ ಕಪ್ಪು ಜನರನ್ನು ಬಸ್ಸಿನ ಹಿಂದಿನ ಸೀಟಿಗೆ ಅಟ್ಟುತ್ತಿದ್ದರು ಎಂದೆ. ಮನೆಕೆಲಸದ ಹೆಂಗಸರು ಆ ಬಸ್ಸನ್ನೇ ಬಿಟ್ಟು ತಿಂಗಳುಗಟ್ಟಲೆ ಕೆಲಸಕ್ಕೆ ನಡೆದೇ ಹೋದರು ಎಂದೆ.
ಒರೆಸುವ ಬಟ್ಟೆ ಹಿಡಿದು ಹಾಗೇ ಕುಳಿತಿರಿ.
“ನಮ್ಮಂಥೋರ ಏನು ಅವ್ರು?”
“ಹೌದು.”
“ನಡಕೊಂತ ತಡಾ ಆದ್ರ ಅಲ್ಲಿಯ ಬಾಯಾರು ಸುಮ್ನಿದ್ರ? ಇಲ್ಲಿ ಲೋಕಲ್ ಹತ್ತು ಮಿನಿಟ್ ಲೇಟಾದ್ರ ನನ್ ಜೀವಾ ತಿಂತಾರ!”
ಇಬ್ಬರೂ ನಕ್ಕೆವು.
ಆ ಅಸೈನ್‌ಮೆಂಟಿಗೆ ಕ್ಲಾಸಿನಲ್ಲೇ ಹೆಚ್ಚು ಮಾರ್ಕ್ಸ್ ನನಗೆ.

ನಿನ್ನೆ ಬೆಳಿಗ್ಗೆ ಒಂಬತ್ತಕ್ಕೆ...
ಸರ್ವಿಸ್ ಲಿಫ್ಟ್ ಕೆಟ್ಟು ನಾಲ್ಕನೆಯ ದಿನ. ನಮ್ಮದು ಒಂಬತ್ತನೆಯ ಮಹಡಿ.
ನಾನು ನಿವಾಸಿಗಳ ದೊಡ್ಡ ಲಿಫ್ಟಿನ ಒಳಗಿದ್ದೆ. ನೀವು ಬಾಗಿಲ ಹೊರಗೆ, ಎದೆಯ ಮೇಲೆ ಕೈ.
“ಬನ್ನಿ” ಅಂದೆ. ಬಾಗಿಲು ಮುಚ್ಚದಂತೆ ಬಟನ್ ಒತ್ತಿ ಹಿಡಿದಿದ್ದೆ.
ನನ್ನ ಪಕ್ಕದಲ್ಲಿದ್ದ ಆಂಟಿ ನಿಮಗೆ ಅಂದರು, “ಬಾಯಿ, ನೋಟಿಸ್ ನಹೀ ಪಢಾ?”
“ಪಢನಾ ಆತಾ ತೋ ಆಪ್ ಕೇ ಬರ್ತನ್ ಕೌನ್ ಮಾಂಜತಾ, ಮೇಡಂ?” ಓದಲು ಬಂದಿದ್ದರೆ ನಿಮ್ಮ ಪಾತ್ರೆ ಯಾರು ತಿಕ್ಕುತ್ತಿದ್ದರು ಎಂದು ತಿರುಗಿ ಕೇಳಿದಿರಿ.
ಆಮೇಲೆ ನನಗೆ, ಮೆಲ್ಲಗೆ, “ನೀ ಹೋಗವಾ ತಂಗಿ. ನಾ ಮೆಟ್ಲಾ ಹತ್ತಿ ಬರ್ತೀನಿ.”

ನಾನು ಬೆರಳು ತೆಗೆದೆ.
ಬಾಗಿಲು ಮುಚ್ಚಿತು.

ಇಪ್ಪತ್ತು ನಿಮಿಷವಾದರೂ ನೀವು ಬರಲಿಲ್ಲ. ಮೆಟ್ಟಿಲಿಳಿದು ಬಂದೆ.
ಆರನೆಯ ಮಹಡಿಯ ತಿರುವಿನಲ್ಲಿ ಗೋಡೆಗೆ ಒರಗಿ ಕುಳಿತಿದ್ದಿರಿ. ಮೈಯೆಲ್ಲ ಬೆವರು, ಮಾತಿಲ್ಲ.
ವಾಚ್‌ಮನ್ ಮತ್ತು ನಾನು ಸೇರಿ ಎತ್ತಿದೆವು. ಕೆಳಗಿಳಿಸಿದ್ದು ಅದೇ ದೊಡ್ಡ ಲಿಫ್ಟಿನಲ್ಲಿ.
ಆಗ ಯಾರೂ ನೋಟಿಸ್ ತೋರಿಸಲಿಲ್ಲ...
ಗೇಟಿನ ಎದುರು ಮಲಗಿಸಿ ಆಸ್ಪತ್ರೆಗೆ ಕಳಿಸಲು ರಿಕ್ಷಾ ಕರೆದೆವು. ಜನ ನಿಮ್ಮನ್ನು ನೋಡಿದ್ದು ಅಲ್ಲಿ.

ಇವತ್ತು ಹತ್ತು ಗಂಟೆಗೆ ಸೆಕ್ರೆಟರಿ ಸೊಸೈಟಿ ಗ್ರೂಪಿನಲ್ಲಿ ಬರೆದರು. ಆಕೆ ಗೇಟಿನ ಹೊರಗೆ ಕುಸಿದದ್ದು, ಬಿಲ್ಡಿಂಗಿನ ಒಳಗೆ ಬಂದೇ ಇರಲಿಲ್ಲ, ಪೊಲೀಸರಿಗೂ ಹಾಗೆಯೇ ಬರೆದುಕೊಟ್ಟಿದ್ದೇವೆ, ಯಾರೂ ಹೊರಗೆ ಮಾತಾಡಬೇಡಿ ಎಂದು.
ಕೆಳಗೆ ಸಾಲು ಸಾಲು ಕೈ ಮುಗಿದ ಇಮೋಜಿಗಳು.

ವಾಚ್‌ಮನ್‌ನನ್ನು ಕೇಳಿದೆ. “ನೌಕರಿ ಕಾ ಸವಾಲ್ ಹೈ, ಬೇಟಾ” ಎಂದು ಬೇರೆ ಕಡೆ ನೋಡಿದರು.

ಶಬಾನಾ ಮತ್ತೆ ಫೋನ್ ಮಾಡಿದಳು. ಹತ್ತನೆಯ ಕ್ಲಾಸಿನ ಹುಡುಗಿ. ಅಳುತ್ತಿರಲಿಲ್ಲ.
“ದೀದಿ, ಅಮ್ಮಿ ನಿನ್ನೆ ಕೆಲಸಕ್ಕ ಬಂದೇ ಇಲ್ಲ ಅಂತ ಬರದಾರಂತ. ಖರೇನ? ನೀ ನೋಡೀಯೇನ?”
ಹಿಂದಿನಿಂದ ಇಮಾಮಭಾಯಿಯ ದನಿ, “ಬಿಡು ಬೇಟಿ. ದೊಡ್ಡ ಮಂದಿ ಬಿಲ್ಡಿಂಗ್ ಅದು.”
“ಅಬ್ಬಾ, ನೀವು ಸುಮ್ನಿರ್ರಿ. ಹೇಳು ದೀದಿ.”
ಆಮೇಲೆ ಮಾಡುತ್ತೇನೆ ಎಂದು ಫೋನ್ ಇಟ್ಟೆ.
ಎರಡನೆಯ ಸಲ ಬೆರಳು ತೆಗೆದ ಹಾಗೆ...

ಅಮ್ಮನಿಗೆ ಹೇಳಿದೆ.
“ನೀನು ಸುಮ್ನೆ ಇರು ಮಾರಾಯ್ತಿ. ನಾವು ಇಲ್ಲೇ ಇರ್ಬೇಕಲ್ಲ? ನಿಂಗೆ ನಾಲ್ಕು ಜನರೆದುರು ಬಾಯಿ ಬರುದಿಲ್ಲ, ಪೊಲೀಸರ ಹತ್ರ ಎಂಥ ಹೇಳ್ತಿ?”
ಅಮ್ಮ ಹೇಳಿದ್ದು ಸುಳ್ಳಲ್ಲ. ಕ್ಲಾಸಿನಲ್ಲಿ ಹಾಜರಿ ಹೇಳಲಿಕ್ಕೂ ಹೆದರುತ್ತಿದ್ದವಳು ನಾನು.

ಜೈನಬಕ್ಕ, ಸಂಜೆಯ ಅಸರ್ ನಮಾಜಿನ ನಂತರ ನಿಮ್ಮನ್ನು ಮಣ್ಣಿಗೆ ಇಡುತ್ತಾರಂತೆ.
ನಿಮ್ಮ ಜೀವ ತಣ್ಣಗಿರಲಿ. ನೀವು ಹೋದ ಕಡೆ ನಿಮ್ಮನ್ನು ಯಾರೂ ಬಾಗಿಲಲ್ಲಿ ತಡೆಯದಿರಲಿ.

ಶಬಾನಾಗೆ ಈಗಷ್ಟೇ ಮೆಸೇಜ್ ಕಳಿಸಿದೆ. “ನೋಡಿದ್ದೇನೆ. ಮಾಹಿಮ್ ರೈಲ್ವೆ ಸ್ಟೇಷನ್ನಿಗೆ ಬರುತ್ತೇನೆ. ದಫನ್ ಆದ ಮೇಲೆ ಇಬ್ಬರೂ ಪೊಲೀಸ್ ಚೌಕಿಗೆ ಹೋಗೋಣ.”
ಬಾಯಿ ಬರದಿದ್ದರೆ ಇರಲಿ ಎಂದು ಎಲ್ಲವನ್ನೂ ಕಾಗದದಲ್ಲಿ ಬರೆದು, ಸಹಿ ಹಾಕಿ, ಬ್ಯಾಗಿನಲ್ಲಿಟ್ಟುಕೊಂಡಿದ್ದೇನೆ.
ಬಟನ್ ಮೇಲಿಂದ ಬೆರಳು ತೆಗೆದವಳು ನಾನು ಎಂಬುದನ್ನೂ ಬರೆದಿದ್ದೇನೆ.