ಕಿಟಕಿಯ ಸಮುದ್ರ

ಪಾವಗಡದ ಬಿಸಿಲಿಗೆ ತರಗತಿ ಕಾದು ಹೆಂಚಾದರೆ ನಮ್ಮ ಭೂಗೋಳದ ಮೇಷ್ಟ್ರು, “ತಡೀರ್ಲಾ, ಸಮುದ್ರ ತತ್ತೀನಿ” ಎಂದು ಹೆಗಲ ಮೇಲಿನ ಟವೆಲನ್ನು ನೀರಿನ ಕೊಡದಲ್ಲಿ ಅದ್ದಿ ಕಿಟಕಿಗೆ ಹರವುತ್ತಿದ್ದರು. ಒಳಬರುವ ಗಾಳಿ ತಣ್ಣಗಾಗುತ್ತಿತ್ತು.

ಉಷ್ಣವಲಯದಲ್ಲಿದ್ದೂ ಕೆಲವು ಮರಳುಗಾಡುಗಳು ತಂಪಾಗಿರುವುದೇಕೆ ಎಂಬ ಪಾಠವನ್ನೂ ಹಾಗೆಯೇ ಮಾಡಿದರು.

“ತಂಪಾಯ್ತೇನ್ರಲಾ?”

“ಆಯ್ತು ಸಾ.”

“ಮಳೆ ಬಂತಾ?”

“ಇಲ್ಲ ಸಾ.”

“ಅಲ್ಲೂ ಅಂಗೇ ಕಣ್ರಲಾ. ಪಕ್ಕದ ಸಮುದ್ರದಾಗೆ ತಣ್ಣನೆ ನೀರು ಹರೀತೈತೆ. ಗಾಳಿ ಅದನ್ನ ಸವರ್ಕಂಡು ಬತ್ತೈತೆ. ತಂಪು ಕೊಡ್ತೈತೆ, ಮಳೆ ಕೊಡಾಕಿಲ್ಲ.”

ವರ್ಗವಾಗಿ ಹೊರಟ ದಿನ ಟವೆಲನ್ನು ಕಿಟಕಿಯಲ್ಲೇ ಮರೆತುಹೋದರು. ನಾವು ದಿನಾ ಅದನ್ನು ನೆನೆಸಿ ಹರವುತ್ತಿದ್ದೆವು.

ಹೊಸದಾಗಿ ಬಂದ ಮೇಷ್ಟ್ರು ಮೂಗು ಮುರಿದರು. “ಯಾರದಿದು ಹಳೇ ಟವೆಲು? ತೆಗೀರಿ.”

ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು.

“ಟವೆಲಲ್ಲ ಸಾ, ಸಮುದ್ರ.”