ಸತ್ತ ಗ್ಯಾಸಿಗೆ ಹೆಪ್ಪು

ಸೆಗಣಿ ಕಂಡರೆ ಮೂಗು ಮುಚ್ಚುವವರನ್ನು ಕಂಡರೆ ದಿಗ್ಗೇವಾಡಿಯ ದುಂಡವ್ವನಿಗೆ ಆಗುತ್ತಿರಲಿಲ್ಲ. ಬೆಳಿಗ್ಗೆ ಅದನ್ನೇ ಸುಟ್ಟು ರೊಟ್ಟಿ ಬೇಯಿಸಿಕೊಂಡು ತಿಂದು, ಮಧ್ಯಾಹ್ನ ಅದಕ್ಕೇ ಮುಖ ಸಿಂಡರಿಸುವವರ ಜಾಣತನ ತನಗೆ ಬೇಡ ಎನ್ನುತ್ತಿದ್ದಳು. ಗಂಡ ಭರಮು ವರ್ಷದ ಎಂಟು ತಿಂಗಳು ಕುರಿಗಳ ಹಿಂದೆ ಊರೂರು ತಿರುಗುವವನು. ಮನೆ ನಡೆಯುತ್ತಿದ್ದುದು ಅವಳ ಎರಡು ಕೈಗಳಿಂದ. ಕಬ್ಬಿನ ಹೊಲದ ಒಡೆಯ ಬಾಬಾಸಾಹೇಬರ ಕೊಟ್ಟಿಗೆಯಲ್ಲಿ ದನ, ಎಮ್ಮೆ ಸೇರಿ ಹನ್ನೆರಡು. ಅವುಗಳ ಸೆಗಣಿ ಬಳಿದು, ಹೊಟ್ಟು ಕಲಸಿ, ಕುಳ್ಳು ತಟ್ಟುವುದು ಅವಳ ಕೆಲಸ. ತಟ್ಟಿದ್ದರಲ್ಲಿ ಅರ್ಧ ಆ ಮನೆಗೆ, ಅರ್ಧ ಅವಳಿಗೆ. ತನ್ನ ಪಾಲನ್ನು ಊರಲ್ಲಿ ಕೊಟ್ಟು ಜೋಳ ತರುತ್ತಿದ್ದಳು.

ಆ ಮನೆಯ ಸೊಸೆ ರುಕ್ಮವ್ವ ಏಳನೆಯ ಇಯತ್ತೆ ಕಲಿತವಳು. ದುಂಡವ್ವನ ಪ್ರಶ್ನೆಗಳಿಗೆ ಊರಲ್ಲಿ ಉತ್ತರ ಹೇಳುತ್ತಿದ್ದವಳು ಅವಳೊಬ್ಬಳೇ. ಹಸಿ ಕುಳ್ಳಿನ ಬುಟ್ಟಿ ಎತ್ತಿದರೆ ಸೊಂಟ ಹಿಡಿಯುತ್ತದೆ, ಒಣಗಿದ ಮೇಲೆ ಅದೇ ಬುಟ್ಟಿಯನ್ನು ಒಂದೇ ಕೈಯಲ್ಲಿ ಎತ್ತಬಹುದು. ಭಾರ ಎಲ್ಲಿ ಹೋಯಿತು? ನೀರು ಆವಿಯಾಗಿ ಗಾಳಿಗೆ ಸೇರಿತು, ಸೆಗಣಿ ಸೆಗಣಿಯಾಗಿಯೇ ಉಳಿಯಿತು ಎಂದು ರುಕ್ಮವ್ವ ಹೇಳಿದ್ದಳು. ಸುಟ್ಟರೆ ಮಾತ್ರ ಅದು ಬೇರೆಯೇ ವಸ್ತುವಾಗುತ್ತದೆ. ಬೂದಿಗೆ ಎಷ್ಟು ನೀರು ಸುರಿದರೂ ಮತ್ತೆ ಸೆಗಣಿಯಾಗುವುದಿಲ್ಲ. ಬಿಸಿಲಿನ ಶಕ್ತಿ ಹುಲ್ಲಿಗೆ, ಹುಲ್ಲಿನದು ದನಕ್ಕೆ, ದನ ಬಳಸಿ ಬಿಟ್ಟದ್ದು ಸೆಗಣಿಗೆ. ಒಲೆಯಲ್ಲಿ ಉರಿಯುವುದು ಆ ಬಿಸಿಲೇ ಎಂದು ಕೇಳಿದ ದಿನ ದುಂಡವ್ವ ತನ್ನ ಕುಳ್ಳುಗಳನ್ನು ಹೊಸದಾಗಿ ನೋಡಿದಳು. ಇಷ್ಟೆಲ್ಲ ತಿಳಿದ ರುಕ್ಮವ್ವನಿಗೆ ಒಲೆಯ ಹೊಗೆ ಮಾತ್ರ ಆಗಿಬರುತ್ತಿರಲಿಲ್ಲ. ಊದುಗೊಳವೆ ಹಿಡಿದರೆ ಸಾಕು, ಉಬ್ಬಸ ಶುರುವಾಗುತ್ತಿತ್ತು.

ಹತ್ತೊಂಬತ್ತುನೂರ ಎಂಬತ್ತಾರರ ಬೇಸಿಗೆಯಲ್ಲಿ ಬಾಬಾಸಾಹೇಬರು ಹಿತ್ತಿಲಲ್ಲಿ ಗೋಬರ್ ಗ್ಯಾಸ್ ಕಟ್ಟಿಸಿದರು. ಬಾವಿಯಂಥ ಗುಂಡಿ, ಮೇಲೆ ಬೋರಲು ಹಾಕಿದ ಕಬ್ಬಿಣದ ಡ್ರಮ್ಮು. ಸೆಗಣಿಗೆ ನೀರು ಕಲಸಿ ಬಿಟ್ಟರೆ ಒಳಗೆ ಕೊಳೆತು ಗ್ಯಾಸಾಗಿ ಡ್ರಮ್ಮನ್ನು ಮೇಲೆತ್ತುತ್ತಿತ್ತು. ಹೊರಗೆ ಬಂದ ರಾಡಿ ಹೊಲಕ್ಕೆ ಗೊಬ್ಬರ. ರುಕ್ಮವ್ವನ ಕೆಮ್ಮು ನಿಂತಿತು. ದುಂಡವ್ವನ ಕುಳ್ಳೂ ನಿಂತವು. ಸೆಗಣಿಯೆಲ್ಲ ಗುಂಡಿಗೆ ಬೇಕಲ್ಲ! ಕೊಟ್ಟಿಗೆಯ ಕಸ ಬಳಿದದ್ದಕ್ಕೆ ಸಿಗುತ್ತಿದ್ದ ಜೋಳ ಅವಳೊಬ್ಬಳ ಹೊಟ್ಟೆಗೇ ಸಾಲದು.

ಐದಾರು ತಿಂಗಳು ಹೀಗೇ ಕಳೆದವು. ದೀಪಾವಳಿ ಬಂತು. ಪಾಡ್ಯದ ದಿನ ಸೆಗಣಿಯಲ್ಲೇ ಹಟ್ಟಿಲಕ್ಕವ್ವನನ್ನು ಮಾಡಿ ಪೂಜಿಸುವ ಮನೆ ಅದು. ರುಕ್ಮವ್ವನ ಅತ್ತೆ ಲಕ್ಕವ್ವನ ಮಡಿ, ಸ್ವಚ್ಛತೆ ಊರಿಗೇ ಗೊತ್ತು. ಹಬ್ಬಕ್ಕೆ ಮುಂಚೆ ಕೊಟ್ಟಿಗೆಗೆ ಸುಣ್ಣ ಬಳಿಸಿ, ಎರಡು ಬಾಟಲಿ ಫಿನೈಲು ಸುರಿದು, ನೆಲವನ್ನು ಕನ್ನಡಿಯಾಗುವಷ್ಟು ತೊಳೆಸಿದಳು. ಆ ನೀರೆಲ್ಲ ದಿನದ ರೂಢಿಯಂತೆ ಸೆಗಣಿಯ ಹಾದಿ ಹಿಡಿದು ಗುಂಡಿಗೆ ಇಳಿಯಿತು. ಹಬ್ಬ ಮುಗಿಯುವಷ್ಟರಲ್ಲಿ ಡ್ರಮ್ಮು ತಳಕ್ಕೆ ಇಳಿದು ಕೂತಿತ್ತು. ಹೊಸ ಸೆಗಣಿ ಹಾಕಿದರೂ ಏಳಲಿಲ್ಲ. ನೋಡಲು ಬಂದ ಮಿಸ್ತ್ರಿ ಪೈಪು ಬಡಿದು, ಚಹಾ ಕುಡಿದು ಹೋದ. ಬಾಬಾಸಾಹೇಬರಿಗೆ ಸಿಟ್ಟು ಬಂದು, ಕಬ್ಬು ಕಡಿಯುವುದು ಮುಗಿದ ಮೇಲೆ ಗುಂಡಿಗೆ ಮಣ್ಣು ತುಂಬಿಸುತ್ತೇನೆ, ಅಲ್ಲಿಯವರೆಗೆ ಕುಳ್ಳು ತಟ್ಟು ಎಂದು ದುಂಡವ್ವನಿಗೆ ಹೇಳಿದರು.

ಅವಳಿಗೆ ಕಳೆದ ಅನ್ನ ಮರಳಿ ಸಿಕ್ಕಿತ್ತು. ಆದರೆ ಗುಂಡಿಯ ಬಾಯಿಂದ ಬಂದ ವಾಸನೆಯಲ್ಲೇ ಅವಳಿಗೆ ರೋಗ ತಿಳಿದುಹೋಗಿತ್ತು. ಮೊಸರಿಗೆ ಹೆಪ್ಪು ಇದ್ದಂತೆ ಅದರೊಳಗೆ ಏನೋ ಜೀವ ಇತ್ತು, ಫಿನೈಲು ಅದನ್ನು ಕೊಂದಿತ್ತು. ಬೇರೆ ಕಡೆಯ ಹೆಪ್ಪು ತಂದರೆ ಮತ್ತೆ ಕೂಡಬಹುದು. ಹೇಳಿದರೆ ತನ್ನ ಕುಳ್ಳು ಹೋದಂತೆಯೇ. ದುಂಡವ್ವ ತುಟಿ ಹೊಲಿದುಕೊಂಡಳು. ಕೇಳದಿದ್ದರೆ ಯಾಕೆ ಹೇಳಬೇಕು ಎಂದು ತನಗೆ ತಾನೇ ಸಮಜಾಯಿಷಿ ಕೊಟ್ಟುಕೊಂಡಳು. ಪಾಪ, ಬಡವಿಯ ಸಮಜಾಯಿಷಿ. ಅದನ್ನು ತಪ್ಪೆನ್ನಲು ನನಗೆ ಬಾಯಿ ಬರುವುದಿಲ್ಲ. ಎಂಟನೆಯ ದಿನ ರುಕ್ಮವ್ವ ಮತ್ತೆ ಕುಳ್ಳಿನ ಹೊಗೆ ತುಂಬಿದ ಅಡುಗೆಮನೆಯಿಂದ ಹೊರಗೆ ಬಂದು, ಗೋಡೆ ಹಿಡಿದು ಕುಸಿದು ಕೂತು, ಉಸಿರು ಸಿಗದೆ ಬಾಯಿ ಬಾಯಿ ಬಿಟ್ಟಳು. ಸೆಗಣಿಯ ಕೈಯಲ್ಲೇ ದುಂಡವ್ವ ಎದ್ದು ಬಾಬಾಸಾಹೇಬರ ಮುಂದೆ ಹೋಗಿ ನಿಂತಳು.

"ಸಾವಕಾರ್ರ, ನಿಮ್ಮ ಗ್ಯಾಸ ಕೆಟ್ಟಿಲ್ರಿ. ಹಬ್ಬದಾಗ ತೊಳದ ಫಿನೈಲಿಗೆ ಒಳಗಿನ ಹೆಪ್ಪ ಸತ್ತೈತ್ರಿ. ಅರ್ಧ ರಾಡಿ ತಗಿಸಿ, ಬ್ಯಾರೆ ಊರಿಂದ ಹೆಪ್ಪ ತಂದ ಹಾಕ್ರಿ."

ಬಾಬಾಸಾಹೇಬರು ನಕ್ಕರು. ಲಕ್ಕವ್ವನಿಗೆ ತನ್ನ ಫಿನೈಲಿನ ಮಾತು ಬಂದದ್ದೇ ಸಿಟ್ಟು. ಆದರೆ ರುಕ್ಮವ್ವ ಹಟ ಹಿಡಿದಳು. ಪಕ್ಕದೂರಿನ ಲಗಮಣ್ಣನ ಗ್ಯಾಸಿನ ಗುಂಡಿಯಿಂದ ಎರಡು ಬ್ಯಾರಲ್ಲು ರಾಡಿ ಚಕ್ಕಡಿಯಲ್ಲಿ ಬಂತು. ಚೆಲ್ಲದಂತೆ ಹಿಡಿದು ದುಂಡವ್ವನೇ ಹಿಂದೆ ಕೂತು ಬಂದಳು. ಹದಿನೈದು ದಿನಕ್ಕೆ ಡ್ರಮ್ಮು ಎದ್ದಿತು. ಕಡ್ಡಿ ಕೊರೆದರೆ ಆರಿಹೋಯಿತು. ಮೊದಲ ಗ್ಯಾಸು ಉರಿಯುವುದಿಲ್ಲ, ಅದನ್ನು ಹೊರಗೆ ಬಿಟ್ಟುಬಿಡಬೇಕು ಎಂದು ಕಟ್ಟುವಾಗ ಕೇಳಿದ್ದು ರುಕ್ಮವ್ವನಿಗೆ ನೆನಪಿತ್ತು. ಎರಡು ಸಲ ಬಿಟ್ಟರು. ಮೂರನೆಯ ಸಲ ನೀಲಿ ಉರಿ ಹೊತ್ತಿಕೊಂಡಿತು.

ಆ ಉರಿಯ ಮೊದಲ ಚಹಾ ದುಂಡವ್ವನಿಗೇ ಬಂತು. ಅವಳು ಕುಡಿಯಲಿಲ್ಲ.

"ಎಂಟ ದಿನಾ ಗೊತ್ತಿದ್ದೂ ಬಾಯಿ ಬಿಡ್ಲಿಲ್ಲ ಯವ್ವಾ ನಾ. ನೀವ ಕೆಮ್ಮೂದ ಕೇಳ್ಕೋಂತ ಕುಳ್ಳ ತಟ್ಟೀನಿ" ಎಂದಳು.

ರುಕ್ಮವ್ವ ಚಹಾದ ಬಟ್ಟಲನ್ನು ಮತ್ತೆ ಅವಳ ಹತ್ತಿರ ಸರಿಸಿದಳು. ಮರುದಿನ ಬೆಳಿಗ್ಗೆ ದುಂಡವ್ವ ಕಸ ಬಳಿಯಲು ಬಂದಾಗ, ಗುಂಡಿಗೆ ಹೋಗುವ ಮೊದಲೇ ಎರಡು ಬುಟ್ಟಿ ಸೆಗಣಿ ಗೋಡೆಯ ಬದಿಗೆ ಬೇರೆ ಕೂತಿದ್ದವು. ಇದು ಯಾರಿಗೆ ಎಂದು ಲಕ್ಕವ್ವ ಸೊಸೆಯನ್ನು ಕೇಳುತ್ತಿದ್ದಳು.

"ಹೆಪ್ಪ ತಂದಾಕೀ ಪಾಲ ಅತ್ತಿ. ನಾ ಉಸರಾಡೂ ತನಕ ಇದು ಆಕೀದು."

ಲಕ್ಕವ್ವ ಒಳಗೆ ಹೋದಳು. ದುಂಡವ್ವ ಬುಟ್ಟಿಗಳ ಹತ್ತಿರ ಕೂತು ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಅಂದು ಆ ಮನೆಯಲ್ಲಿ ಹೊಗೆ ಇರಲಿಲ್ಲ.