ಬೆನ್ನು ತಿರುಗಿಸಿದ ಗಿಳಿಗಳು

ಬಿಸಿಗೆ ಕರಗುವ ಮೇಣದ ವಾಸನೆ ಬಂದರೆ ಸಾಕು, ರಾಯಚೂರಿನ ನನ್ನ ಇಸ್ತ್ರಿ ಅಂಗಡಿ ಮರೆಯಾಗಿ ಮಾನ್ವಿಯ ಮನೆಯ ಪಡಸಾಲೆ ಕಣ್ಣೆದುರು ನಿಲ್ಲುತ್ತದೆ. ಆ ಮನೆ ಈಗಿಲ್ಲ, ರಸ್ತೆ ಅಗಲ ಮಾಡುವಾಗ ಹೋಯಿತು. ಅಲ್ಲಿ ಅಪ್ಪ ಊರವರ ಬಟ್ಟೆಗೆ ಇಸ್ತ್ರಿ ಹಾಕುತ್ತಿದ್ದ. ಇದ್ದಲಿನ ಕಾವು, ನೀರು ಚಿಮುಕಿಸಿದ ಬಟ್ಟೆಯ ಹಬೆ, ಅದರ ನಡುವೆ ನೆಲದ ಮೇಲೆ ಕೂತು ಅಕ್ಕ ಅಂಬಮ್ಮ ಚಿತ್ರ ಬರೆಯುತ್ತಿದ್ದಳು. ಮೇಣದ ಬಣ್ಣದ ಕಡ್ಡಿಯಿಂದ ಕಾಗದದ ಮೇಲೆ ದಪ್ಪಗೆ ಬರೆದು, ಅದನ್ನು ಬಟ್ಟೆಯ ಮೇಲೆ ಬೋರಲು ಹಾಕಿ ಇಸ್ತ್ರಿ ಒತ್ತಿದರೆ ಬಣ್ಣ ಕರಗಿ ಬಟ್ಟೆಗೆ ಇಳಿಯುತ್ತಿತ್ತು. ಯಾರೂ ಕಲಿಸಿದ್ದಲ್ಲ. ಒಮ್ಮೆ ನನ್ನ ಬಣ್ಣದ ಕಡ್ಡಿ ಇಸ್ತ್ರಿಯಡಿ ಸಿಕ್ಕು ಯಾರದೋ ಅಂಗಿ ಕೆಟ್ಟಿತ್ತು. ಮನೆಯವರೆಲ್ಲ ನನ್ನನ್ನು ಬೈಯುತ್ತಿದ್ದಾಗ ಅವಳೊಬ್ಬಳು ಆ ಕಲೆಯನ್ನೇ ನೋಡುತ್ತ ಕೂತಿದ್ದಳು. ಆಮೇಲೆ ನಮ್ಮ ಓಣಿಯ ದಿಂಬು, ಪರದೆಗಳ ಮೇಲೆಲ್ಲ ಅವಳ ಬಳ್ಳಿಗಳು ಹಬ್ಬಿದವು. ಅವಳು ಬರೆಯುವವಳು, ನಾನು ಒತ್ತುವವನು.

ಮಸರಕಲ್‌ನಿಂದ ಒಬ್ಬಾಕೆ ಮಗಳ ಮದುವೆಗೆಂದು ಬಿಳಿ ಚಾದರ ತಂದು, ಮುಖ ಮುಖ ನೋಡುವ ಜೋಡಿ ಗಿಳಿ ಬೇಕೆಂದಳು. ಅಕ್ಕ ಎರಡು ಬೇರೆ ಕಾಗದಗಳಲ್ಲಿ ಬರೆದು, ಚಾದರದ ಎಡಕ್ಕೊಂದು ಬಲಕ್ಕೊಂದು ಚಿತ್ರ ಮೇಲೆ ಕಾಣುವಂತೆ ಇಟ್ಟು ನೀರಿಗೆ ಹೋದಳು. ನಾನು ನೋಡಿದರೆ ಗಿಳಿಗಳು ಬೆನ್ನಿಗೆ ಬೆನ್ನು ಕೊಟ್ಟಿದ್ದವು. ಬೋರಲು ಹಾಕಿದಾಗ ಪ್ರತಿ ಗಿಳಿಯೂ ತಿರುಗಿ ಇನ್ನೊಂದರ ಮುಖ ನೋಡುತ್ತದೆಂಬುದು ನನಗೆ ಹೊಳೆಯಲಿಲ್ಲ. ಅಕ್ಕ ತಪ್ಪಿದಳು, ನಾನು ಜಾಣ ಅಂದುಕೊಂಡು ಕಾಗದಗಳನ್ನು ಅದಲುಬದಲು ಮಾಡಿ, ಬೋರಲು ಹಾಕಿ ಒತ್ತಿಬಿಟ್ಟೆ.

ಮರುದಿನ ಆ ಹೆಂಗಸು ಚಾದರ ಬಿಡಿಸಿದಳು. "ಯವ್ವಾ! ಮದುವಿಗಿ ಮೊದಲ ಜಗಳಾಡಿ ಕುಂತಾವಲ್ಲಬೇ ನಿನ್ನ ಗಿಣಿ! ಬೀಗರು ನೋಡಿದ್ರ ಏನಂದಾರು?" ಅಪ್ಪ ಕೈಯ ಕೆಲಸ ನಿಲ್ಲಿಸಿ ನಮ್ಮಿಬ್ಬರನ್ನೂ ನೋಡಿದ. "ಅಕ್ಕನೇ ಹಂಗ ಬರ್ದಾಳ್ರಿ," ಅಂದೆ. ಅಕ್ಕ ನನ್ನ ಮುಖ ನೋಡಿದಳು. ಆಮೇಲೆ, "ಹೌದ್ರಿ, ನಂದ ತಪ್ಪಾತು. ಸಂಜಿಮಟ ಚಾದರ ಬಿಟ್ಟು ಹೋಗ್ರಿ," ಅಂದಳು.

ಸಂಜೆಯೊಳಗೆ ಆ ಎರಡು ಬಾಲಗಳ ನಡುವೆ ಒಂದು ಗೂಡು, ಗೂಡಿನಲ್ಲಿ ಬಾಯಿ ತೆರೆದ ಎರಡು ಮರಿಗಳು ಕೂತಿದ್ದವು. ಇಸ್ತ್ರಿಯನ್ನು ಅವಳೇ ಒತ್ತಿದ್ದಳು, ನನ್ನನ್ನು ಕರೆಯಲಿಲ್ಲ. "ಒಂದು ಆ ಕಡಿ, ಒಂದು ಈ ಕಡಿ ಕಾಯಾಕತ್ತಾವ್ರಿ," ಎಂದಳು. ಹೆಂಗಸು ನಕ್ಕುಬಿಟ್ಟಳು. "ಮದುವಿಗಿ ಮೊದಲ ಮಕ್ಕಳೂ ಆಗ್ಯಾವಲ್ಲಬೇ!" ಮುಂದೆ ಮಾನ್ವಿಯಿಂದ ದೇವದುರ್ಗದವರೆಗೆ ಹೆಣ್ಣು ಕೊಡುವವರೆಲ್ಲ ಆ ಕಾವಲು ಗಿಳಿಗಳನ್ನೇ ಕೇಳಿಕೊಂಡು ಬಂದರು. ಏಳನೆಯ ತರಗತಿಗೆ ಶಾಲೆ ಬಿಟ್ಟ ನನಗೆ ಹೇಳಿಕೊಳ್ಳಲು ನನ್ನದೆಂಬುದೇನೂ ಇರಲಿಲ್ಲ, ಆದರೂ ನಮ್ಮಕ್ಕ ಬರೆದದ್ದು ಎಂದು ಎದೆಯುಬ್ಬಿಸಿ ಹೇಳಿಕೊಂಡು ತಿರುಗಿದೆ. ಉಳಿದದ್ದನ್ನು ಮಾತ್ರ ಯಾರಿಗೂ ಹೇಳಲಿಲ್ಲ, ಅವಳು ದೇವದುರ್ಗಕ್ಕೆ ಸೊಸೆಯಾಗಿ ಹೋದಾಗಲೂ, ಅಲ್ಲೇ ಮಣ್ಣಾದಾಗಲೂ.

ಮೊನ್ನೆ ಅವಳ ಮಗಳು ಅಂಗಡಿಗೆ ಬಂದಳು. ತನ್ನ ಮದುವೆಗೆಂದು ಬಿಳಿ ಚಾದರ ತಂದಿದ್ದಳು, ಜೊತೆಗೆ ಅಕ್ಕ ಕೊನೆಯದಾಗಿ ಬರೆದಿಟ್ಟ ಗಿಳಿ, ಗೂಡುಗಳ ಕಾಗದಗಳನ್ನೂ ತಂದಿದ್ದಳು. "ಅವ್ವ ಒಮ್ಮಿ ಉಲ್ಟಾ ಬರ್ದಿದ್ದಕ್ಕ ಈ ಗಿಣಿ ಹುಟ್ಟಿದ್ವಂತ. ಹೌದೇನು ಮಾವಾ?"

ಹೆತ್ತ ಮಗಳಿಗೂ ಅವಳು ನನ್ನ ತಪ್ಪಿನ ಗುಟ್ಟನ್ನು ಬಿಟ್ಟುಕೊಟ್ಟಿರಲಿಲ್ಲ.

"ಇಲ್ಲವ್ವಾ. ನಿಮ್ಮವ್ವ ಬರೊಬ್ಬರಿ ಬರ್ದಿದ್ಲು. ಉಲ್ಟಾ ಇಟ್ಟಾಂವ ನಾನು."

ಹುಡುಗಿ ಚಾದರವನ್ನು ಮೇಜಿನ ಮೇಲೆ ಹಾಸಿದಳು. ಆಮೇಲೆ ಕಾಗದಗಳನ್ನು ನನ್ನ ಕಡೆ ಸರಿಸಿದಳು. "ಹಂಗಾರ ಇವತ್ತೂ ನೀನ ಇಡು."

ಇಟ್ಟೆ, ಒತ್ತಿದೆ. ಅಂಗಡಿ ತುಂಬ ಆ ವಾಸನೆ ಎದ್ದಿತು. ಕಾಗದ ಎತ್ತಿದಾಗ ಅಕ್ಕನ ಬಣ್ಣವೆಲ್ಲ ಮಗಳ ಚಾದರಕ್ಕೆ ಇಳಿದಿತ್ತು. ಕಾಗದದಲ್ಲಿ ತೆಳ್ಳನೆಯ ನೆರಳಷ್ಟೇ ಉಳಿದಿತ್ತು. ಆ ಕಾಗದಗಳನ್ನು ಅವಳನ್ನು ಕೇಳಿ ನಾನು ಇಟ್ಟುಕೊಂಡೆ.